ಆಸರೆ ಬೇಡಿ ಬಂದವರಿಗೆ ಕಲಬುರಗಿಯಲ್ಲೂ ಒಂದು ಕೋಣೆ ಇರಲಿ

ಮಾನ್ಯ ಸಂಪಾದಕರೇ,

ಜೀವಭಯದಿಂದ ಊರು ಬಿಡಬೇಕಾಗಿ ಬಂದ ಪ್ರಾಧ್ಯಾಪಕರು, ಬರಹಗಾರರು, ಕಲಾವಿದರು, ಪತ್ರಕರ್ತರು ಇವರಿಗೆಲ್ಲ ಒಂದೆರಡು ವರ್ಷದ ಮಟ್ಟಿಗೆ ಸಂಬಳ, ಇರಲು ಮನೆ, ಕೂತು ಕೆಲಸ ಮಾಡಲು ಒಂದು ಮೇಜು ಕೊಡುವ ಫೆಲೋಶಿಪ್‌ಗಳು ಹೊರದೇಶಗಳಲ್ಲಿ ಬಹಳ ಕಾಲದಿಂದ ಇವೆ. ನಮ್ಮ ಕಡೆ ಆ ಮಾತೇ ಬರುವುದಿಲ್ಲ. ನಿಮ್ಮ ಪತ್ರಿಕೆಯ ಮೂಲಕ ನಾನು ಇಡುತ್ತಿರುವ ಬೇಡಿಕೆ ಇಷ್ಟೇ: ಕಲಬುರಗಿಯಲ್ಲೂ ಇಂಥದ್ದೊಂದು ಫೆಲೋಶಿಪ್ ಶುರುವಾಗಬೇಕು. ವರ್ಷಕ್ಕೆ ನಾಲ್ಕೈದು ಜನರಿಗೆ ಸಿಕ್ಕರೂ ಸಾಕು. ಆದರೆ ಅದು ಯಾರೋ ಒಬ್ಬ ದೊಡ್ಡವರ ಮನಸ್ಸಿನ ಮೇಲೆ ನಡೆಯುವಂತಿರಬಾರದು. ಅದಕ್ಕೆ ಬರೆದಿಟ್ಟ ನಿಯಮ ಇರಬೇಕು, ಅದಕ್ಕೆಂದೇ ತೆಗೆದಿಟ್ಟ ದುಡ್ಡು ಇರಬೇಕು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಕಾರಣಗಳಿವೆ, ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಓದಿ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಫೆಲೋಶಿಪ್ ಅರ್ಜಿ ಹಿಡಿದುಕೊಂಡು ಬಂದರೆ ಕೂತು ತುಂಬಿಸುತ್ತಿದ್ದೆ, ಹಾಗಾಗಿ ಯಾವ ಸಂಸ್ಥೆ ಏನು ಕೊಡುತ್ತದೆ, ಏನು ಕೇಳುತ್ತದೆ ಎಂದು ನೋಡುವ ಅಭ್ಯಾಸ ಬಿದ್ದಿದೆ. ಈ ಆಶ್ರಯದ ಫೆಲೋಶಿಪ್‌ಗಳ ಬಗ್ಗೆ ಓದತೊಡಗಿದ್ದೂ ಹಾಗೆಯೇ.

ಇವುಗಳಿಗೆ ಈಗಿನ ರೂಪ ಬಂದಿದ್ದು 1933ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ಒಂದು ಕಾನೂನು ತಂದು ಯಹೂದಿ ಪ್ರಾಧ್ಯಾಪಕರನ್ನೂ ತನಗೆ ಆಗದ ರಾಜಕೀಯದವರನ್ನೂ ಸರ್ಕಾರಿ ಕೆಲಸದಿಂದ ತೆಗೆದುಹಾಕಿತು. ನಿನ್ನೆ ಪಾಠ ಮಾಡಿದವರು ಇವತ್ತು ಬೀದಿಗೆ ಬಂದರು. ಬ್ರಿಟನ್ನಿನಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಮುಂದೆ ನಿಂತು ಒಂದು ಮಂಡಳಿ ಕಟ್ಟಿದರು, ವಿಜ್ಞಾನಿ ರುದರ್‌ಫೋರ್ಡ್ ಅದರ ಅಧ್ಯಕ್ಷರಾದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಾಪಕರು ತಮ್ಮ ಸಂಬಳದಲ್ಲೇ ಒಂದು ಪಾಲು ಕೊಡಲು ಒಪ್ಪಿದರು. ಅಕ್ಟೋಬರ್ 3ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಐನ್‌ಸ್ಟೈನ್ ಬಂದು ಮಾತಾಡಿದರು, ಹಣ ಕೂಡಿತು. ಆ ಸಂಸ್ಥೆ ಈಗಲೂ 'ಕಾರಾ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆರಂಭದ ವರ್ಷಗಳಲ್ಲಿ ಅದು ಕೈಹಿಡಿದವರಲ್ಲಿ 16 ಮಂದಿಗೆ ಮುಂದೆ ನೊಬೆಲ್ ಬಂತು. ಎಲ್ಲರೂ ಇದೊಂದೇ ಮಾತನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ನೊಬೆಲ್ ಬಾರದ ಉಳಿದವರೂ ಬದುಕಿಕೊಂಡರು ಅನ್ನುವುದು.

ಅಮೆರಿಕದಲ್ಲೂ ಅದೇ ವರ್ಷ ಅಂಥದ್ದೇ ಒಂದು ತುರ್ತು ಸಮಿತಿ ಆಯಿತು. 1945ರವರೆಗೆ ಅದು ಕೆಲಸ ಮಾಡಿತು. ಆಸರೆ ಕೇಳಿದವರು ಸುಮಾರು 6,000 ಮಂದಿ. ಸಿಕ್ಕಿದ್ದು 330ರ ಆಸುಪಾಸಿನ ಜನರಿಗೆ. ಯಾರ ಹೆಸರು ಮೊದಲೇ ಅಲ್ಲಿನವರಿಗೆ ಗೊತ್ತಿತ್ತೋ, ಯಾರ ಪುಸ್ತಕ ಅಲ್ಲಿನ ಲೈಬ್ರರಿಯಲ್ಲಿತ್ತೋ ಅವರು ಹಡಗು ಹತ್ತಿದರು. ಇನ್ನೂ ಹೆಸರು ಮಾಡದ ಹುಡುಗರು, ವಯಸ್ಸಾದವರು, ಸಣ್ಣ ಊರಿನ ಮೇಷ್ಟರುಗಳು ಬಹಳ ಜನ ಹಿಂದೆ ಉಳಿದರು. ಹಿಂದೆ ಉಳಿದವರಲ್ಲಿ ಎಷ್ಟೋ ಜನರ ಗತಿ ಏನಾಯಿತು ಎಂದು ಚರಿತ್ರೆ ಓದಿದ ಎಲ್ಲರಿಗೂ ಗೊತ್ತು.

ಈಗಿನ ಸಂಸ್ಥೆಗಳ ಪೈಕಿ 'ಸ್ಕಾಲರ್ಸ್ ಅಟ್ ರಿಸ್ಕ್' 1999ರಲ್ಲಿ ಶಿಕಾಗೋದಲ್ಲಿ ಹುಟ್ಟಿ ಈಗ ನ್ಯೂಯಾರ್ಕ್‌ನಲ್ಲಿದೆ, ನೂರಾರು ವಿಶ್ವವಿದ್ಯಾಲಯಗಳು ಅದರ ಸದಸ್ಯರು. 2002ರಲ್ಲಿ ಶುರುವಾದ 'ಸ್ಕಾಲರ್ ರೆಸ್ಕ್ಯೂ ಫಂಡ್' ಒಬ್ಬರಿಗೆ ವರ್ಷಕ್ಕೆ 25,000 ಡಾಲರ್‌ವರೆಗೆ ಕೊಡುತ್ತದೆ, ಜೊತೆಗೆ ಆರೋಗ್ಯ ವಿಮೆ. ಕರೆಸಿಕೊಳ್ಳುವ ವಿಶ್ವವಿದ್ಯಾಲಯವೂ ಸಾಮಾನ್ಯವಾಗಿ ಅಷ್ಟೇ ಮೊತ್ತ ಹಾಕಬೇಕು. ಜರ್ಮನಿಯವರು 2015ರಲ್ಲಿ ಫಿಲಿಪ್ ಶ್ವಾರ್ಟ್ಸ್ ಹೆಸರಿನಲ್ಲಿ ಒಂದು ಯೋಜನೆ ತಂದರು. ಈ ಶ್ವಾರ್ಟ್ಸ್ ಸ್ವತಃ 1933ರಲ್ಲಿ ಫ್ರಾಂಕ್‌ಫರ್ಟ್ ಬಿಟ್ಟು ಓಡಿದ ವೈದ್ಯ, ಓಡಿಹೋಗಿ ಸುಮ್ಮನೆ ಕೂರದೆ ತನ್ನಂಥ ಎಷ್ಟೋ ಜನರನ್ನು ಇಸ್ತಾಂಬುಲ್ ವಿಶ್ವವಿದ್ಯಾಲಯಕ್ಕೆ ಸೇರಿಸಿದವರು. ಫ್ರಾನ್ಸಿನಲ್ಲಿ 2017ರಿಂದ 'ಪೋಸ್' ಎಂಬ ಯೋಜನೆ ಇದೆ. ನಾರ್ವೆಯ ಸ್ಟವಾಂಗರ್‌ನಿಂದ ನಡೆಯುವ 'ಐಕಾರ್ನ್' ಜಾಲದಲ್ಲಿ ವಿಶ್ವವಿದ್ಯಾಲಯಗಳ ಬದಲು ಊರುಗಳೇ ಸದಸ್ಯರಾಗುತ್ತವೆ. ಒಂದು ನಗರಸಭೆ ಒಬ್ಬ ಬರಹಗಾರನನ್ನೋ ಕಲಾವಿದೆಯನ್ನೋ ಎರಡು ವರ್ಷ ತನ್ನ ಊರಿನಲ್ಲಿ ಇಟ್ಟುಕೊಳ್ಳುತ್ತದೆ. ಪ್ಯಾರಿಸ್‌ನಲ್ಲಿ 2002ರಿಂದ ಪತ್ರಕರ್ತರಿಗೆಂದೇ ಒಂದು ಮನೆ ಇದೆ, ಕೋಣೆ ಕೋಣೆಯಲ್ಲೂ ಒಂದೊಂದು ದೇಶದಿಂದ ಬಂದವರು.

ಇದೆಲ್ಲ ದೊಡ್ಡ ಕೆಲಸ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಒಂದು ಅರ್ಜಿ ಹೇಗೆ ಸಾಗುತ್ತದೆ ನೋಡಿ. ಮೊದಲು ನಿಮಗೆ ಬೆದರಿಕೆ ಇದೆ ಎಂದು ಕಾಗದದಲ್ಲಿ ತೋರಿಸಬೇಕು. ಬೆದರಿಕೆ ಹಾಕುವವನು ರಸೀದಿ ಕೊಡುವುದಿಲ್ಲ ಅಲ್ವಾ? ಪೊಲೀಸ್ ದೂರು, ಪತ್ರಿಕೆ ತುಣುಕು, ಪರಿಚಿತ ಪ್ರಾಧ್ಯಾಪಕರ ಪತ್ರ ಎಲ್ಲ ಜೋಡಿಸಬೇಕು. ವಿದ್ವಾಂಸರ ಫೆಲೋಶಿಪ್ ಆದರೆ ಬಹುತೇಕ ಕಡೆ ಪಿಎಚ್.ಡಿ. ಕೇಳುತ್ತಾರೆ, ಪ್ರಕಟವಾದ ಲೇಖನಗಳ ಪಟ್ಟಿ ಕೇಳುತ್ತಾರೆ. ಅದಾದ ಮೇಲೆ ಕರೆಸಿಕೊಳ್ಳಲು ಒಪ್ಪುವ ವಿಶ್ವವಿದ್ಯಾಲಯ ಸಿಗಬೇಕು. ಸಿಕ್ಕಿದ ಮೇಲೆ ವೀಸಾ. ವೀಸಾ ನಿಮಗೆ ಸಿಕ್ಕು ಹೆಂಡತಿ ಮಕ್ಕಳಿಗೆ ಸಿಗದಿರಬಹುದು. ತಿಂಗಳುಗಳು ಕಳೆಯುತ್ತವೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಬಹಳಷ್ಟು ರಾಯಭಾರ ಕಚೇರಿಗಳೇ ಬಾಗಿಲು ಹಾಕಿದವು, ವೀಸಾ ಕೇಳಲಿಕ್ಕೂ ಬೇರೆ ದೇಶಕ್ಕೆ ದಾಟಿ ಹೋಗಬೇಕಾಯಿತು. ಟರ್ಕಿಯಲ್ಲಿ 2016ರ ಜನವರಿಯಲ್ಲಿ ಶಾಂತಿ ಕೇಳಿ ಒಂದು ಮನವಿಗೆ ಮೊದಲ ಸುತ್ತಿನಲ್ಲೇ 1,128 ವಿದ್ವಾಂಸರು ಸಹಿ ಹಾಕಿದರು. ಅವರಲ್ಲಿ ನೂರಾರು ಜನರ ಕೆಲಸ ಹೋಯಿತು, ಎಷ್ಟೋ ಜನರ ಪಾಸ್‌ಪೋರ್ಟನ್ನೂ ರದ್ದು ಮಾಡಿದರು. ಬರ್ಲಿನ್‌ನಲ್ಲಿ ಫೆಲೋಶಿಪ್ ಸಿಕ್ಕಿದೆ, ಆದರೆ ಇಸ್ತಾಂಬುಲ್ ವಿಮಾನ ನಿಲ್ದಾಣ ದಾಟುವ ಹಾಗಿಲ್ಲ. ಇನ್ನು ಹೇಗೋ ಹೋಗಿ ಸೇರಿದವರಿಗೆ ಎರಡು ವರ್ಷ ಮುಗಿದ ಮೇಲೆ ಮುಂದೇನು ಅನ್ನುವ ಚಿಂತೆ.

ಈಗ ನಮ್ಮ ಜಿಲ್ಲೆಗಳ ಕಡೆ ಬರುತ್ತೇನೆ.

ನನಗೆ ಪರಿಚಯದ ಒಬ್ಬ ಹುಡುಗ ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಅರೆಕಾಲಿಕ ವರದಿಗಾರ. ಅವನ ಹೆಸರು, ಊರು, ಪತ್ರಿಕೆ ಯಾವುದನ್ನೂ ಬರೆಯುವುದಿಲ್ಲ. ಹೊಳೆಯಿಂದ ರಾತ್ರಿ ಹೊತ್ತು ಮರಳು ಎತ್ತುವ ಟಿಪ್ಪರ್‌ಗಳ ಬಗ್ಗೆ ಬರೆದ. ಬರೀ ಸುದ್ದಿ, ಫೋಟೋ ಸಮೇತ. ಎರಡನೇ ಸುದ್ದಿ ಬಂದ ದಿನ ಸಂಜೆ ಒಂದು ಫೋನ್ ಬಂತು. ಬೈಯಲಿಲ್ಲ, ಕೂಗಲಿಲ್ಲ. ಮಗಳು ಯಾವ ಶಾಲೆ, ಯಾವ ಆಟೋದಲ್ಲಿ ಹೋಗುತ್ತಾಳೆ, ಆಟೋ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಇವನಿಗೇ ಹೇಳಿ ಫೋನ್ ಇಟ್ಟರು. ಅವತ್ತು ರಾತ್ರಿಯೇ ಅವನು ಹೆಂಡತಿ ಮಗಳನ್ನು ಕರೆದುಕೊಂಡು ಸೊಲ್ಲಾಪುರದ ಅಕ್ಕನ ಮನೆಗೆ ಹೋದ. ಎರಡು ಕೋಣೆಯ ಮನೆ, ಅದರಲ್ಲಿ ಅಕ್ಕನ ಸಂಸಾರ, ಅತ್ತೆ ಮಾವ, ಈಗ ಇವರೂ. ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಎಷ್ಟು ದಿನ ರಜೆ ಹಾಕಲು ಆಗುತ್ತದೆ? ಇವನಿಗೋ ಬರೆದಷ್ಟಕ್ಕೆ ದುಡ್ಡು, ಊರಲ್ಲಿ ಇಲ್ಲ ಎಂದರೆ ಸುದ್ದಿಯೂ ಇಲ್ಲ, ದುಡ್ಡೂ ಇಲ್ಲ. ಸಾಲ ಮಾಡಿ ಕೆಲವು ವಾರ ಕಳೆದ. ಆಮೇಲೆ ಅಕ್ಕನ ಮನೆಯವರ ಮುಖ ನೋಡಲಾಗದೆ ಊರಿಗೆ ವಾಪಸ್ ಬಂದ. ಈಗ ಅವನು ಜಾತ್ರೆ, ಜಯಂತಿ, ಉದ್ಘಾಟನೆ ಇವಿಷ್ಟನ್ನೇ ಬರೆಯುತ್ತಾನೆ. ಟಿಪ್ಪರ್‌ಗಳು ಓಡುತ್ತಿವೆ.

ಈ ಹುಡುಗನಿಗೆ ನಾರ್ವೆ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದು ಬಸ್ಸಿನಲ್ಲಿ ಹೋಗಿ ಸೇರಬಹುದಾದ ಒಂದು ಊರು, ಆರು ತಿಂಗಳು ಇರಲು ಒಂದು ಕೋಣೆ, ತಿಂಗಳ ಖರ್ಚು, ಮಗಳಿಗೆ ಒಂದು ಶಾಲೆ. ಅಷ್ಟು ಸಿಕ್ಕಿದ್ದರೆ ಮೂರನೇ ಸುದ್ದಿಯನ್ನೂ ಬರೆಯುತ್ತಿದ್ದ ಎಂದು ನಾನು ನಂಬಿದ್ದೇನೆ. ಅಂತರರಾಷ್ಟ್ರೀಯ ಫೆಲೋಶಿಪ್‌ನ ಅರ್ಜಿ ತುಂಬಲು ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಪಿಎಚ್.ಡಿ. ಇಲ್ಲ, ಪಾಸ್‌ಪೋರ್ಟೂ ಇಲ್ಲ. ನಮ್ಮ ದೇಶದಲ್ಲಿ ಬರೆದದ್ದಕ್ಕೆ ಸಾಯುವವರಲ್ಲಿ ಬಹಳ ಜನ ಹೀಗೇ ಸಣ್ಣ ಊರಿನವರು, ತಮ್ಮ ಭಾಷೆಯಲ್ಲಿ ಬರೆಯುವವರು. 2025ರ ಜನವರಿ ಮೊದಲ ವಾರ ಛತ್ತೀಸಗಢದ ಬಸ್ತರ್ ಭಾಗದಲ್ಲಿ ಮುಕೇಶ್ ಚಂದ್ರಾಕರ್ ಎಂಬ ಪತ್ರಕರ್ತನ ಶವ ಒಬ್ಬ ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕ್‌ನಲ್ಲಿ ಸಿಕ್ಕಿತು. ರಸ್ತೆ ಕಾಮಗಾರಿಯ ಅವ್ಯವಹಾರದ ಸುದ್ದಿ ಅದಕ್ಕೆ ಮುಂಚೆ ಹೊರಬಂದಿತ್ತು. 2023ರ ಫೆಬ್ರುವರಿಯಲ್ಲಿ ಪಕ್ಕದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ಶಶಿಕಾಂತ್ ವಾರಿಸೆ ಎಂಬ ವರದಿಗಾರನ ಸ್ಕೂಟರ್ ಮೇಲೆ ಕಾರು ಹಾಯಿತು. ಕಾರು ಓಡಿಸುತ್ತಿದ್ದ ಭೂ ದಲ್ಲಾಳಿಯ ಬಗ್ಗೆ ಅಂದೇ ಬೆಳಿಗ್ಗೆ ಅವರ ವರದಿ ಪ್ರಕಟವಾಗಿತ್ತು. ಅದೇ ಮಹಾರಾಷ್ಟ್ರದಲ್ಲಿ 2017ರಲ್ಲೇ ಪತ್ರಕರ್ತರ ಮೇಲಿನ ಹಲ್ಲೆ ತಡೆಯಲು ಶಾಸನ ಪಾಸಾಗಿತ್ತು. ಹಲ್ಲೆ ಆದ ಮೇಲೆ ಕೇಸು ಹಾಕಲು ಕಾನೂನು ಬೇಕೇ ಬೇಕು, ಆದರೆ ಹಲ್ಲೆ ಆಗುವ ಮುಂಚೆ ಒಬ್ಬನನ್ನು ಊರಿನಿಂದ ದೂರ ಇಡುವ ಕೆಲಸವನ್ನು ಅದು ಮಾಡುವುದಿಲ್ಲ.

ನಮ್ಮ ರಾಜ್ಯದ ಗಾಯ ಬೇರೆ ಇದೆ. ಎಂ.ಎಂ. ಕಲಬುರ್ಗಿಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು, ವಚನಗಳ ಮೇಲೆ ಜೀವಮಾನ ಇಡೀ ಕೆಲಸ ಮಾಡಿದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿಸಿದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್, ಅವರದೂ ಮನೆ ಬಾಗಿಲೇ. ಕಲಬುರ್ಗಿ ಮೇಷ್ಟರ ಪುಸ್ತಕಗಳನ್ನು ನಾನು ವರ್ಷಾನುಗಟ್ಟಲೆ ಓದುಗರ ಕೈಗೆ ಕೊಟ್ಟಿದ್ದೇನೆ. ಹಾಳೆ ಕಿತ್ತುಬಂದ ಪ್ರತಿಗಳನ್ನು ಹೊಲಿಸಿ, ರಟ್ಟು ಹಾಕಿಸಿ ಮತ್ತೆ ಕೊಟ್ಟಿದ್ದೇನೆ. ಅಷ್ಟು ಓದಿದವರನ್ನು ಉಳಿಸಿಕೊಳ್ಳಲು ಆಗಲಿಲ್ಲ ಅನ್ನುವ ನೋವು ಹೋಗುವುದಿಲ್ಲ. ಆಶ್ರಯ ಕೊಟ್ಟಿದ್ದರೆ ಅವರು ಹೋಗುತ್ತಿದ್ದರೇ ಎಂದು ಕೇಳಿದರೆ ಉತ್ತರ ನನ್ನಲ್ಲಿಲ್ಲ. ಆದರೆ ಹೋಗಬೇಕು ಎನ್ನುವವರಿಗೆ ಹೋಗಲು ಒಂದು ಜಾಗ ಇರಬೇಕಾದದ್ದು ನ್ಯಾಯ.

ಇದು ನಮಗೆ ಹೊಸ ವಿಷಯವೇ ಅಲ್ಲ. ಕಲಬುರಗಿ ಆಸರೆ ಕೊಟ್ಟು ರೂಢಿ ಇರುವ ಊರು. 1398ರಲ್ಲಿ ತೈಮೂರ್ ದಿಲ್ಲಿಯ ಮೇಲೆ ಬಿದ್ದಾಗ ಆ ಊರು ಬಿಟ್ಟು ಹೊರಟವರಲ್ಲಿ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಒಬ್ಬರು. ಆಗಲೇ ಅವರ ವಯಸ್ಸು ಎಂಬತ್ತರ ಹತ್ತಿರ. ಗ್ವಾಲಿಯರ್, ಗುಜರಾತ್, ದೌಲತಾಬಾದ್ ದಾಟಿ ಇಲ್ಲಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾ ಗೌರವದಿಂದ ಬರಮಾಡಿಕೊಂಡ, ಕೋಟೆಯ ಹತ್ತಿರವೇ ಇರಲು ಜಾಗ ಕೊಟ್ಟ. ಉರುಸ್ ಹೊತ್ತಿಗೆ ಲಕ್ಷಾಂತರ ಜನ, ಎಲ್ಲ ಜಾತಿ ಧರ್ಮದವರು ಸೇರುವ ದರ್ಗಾ ಇವತ್ತು ನಮ್ಮ ಊರಿನ ಗುರುತು. ಆ ಗುರುತು ಬಂದಿದ್ದೇ ದಿಕ್ಕು ತಪ್ಪಿ ಬಂದ ಒಬ್ಬ ವಿದ್ವಾಂಸರಿಂದ. ಆದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಕೆಲವು ವರ್ಷಗಳಲ್ಲಿ ಸುಲ್ತಾನನಿಗೂ ಅವರಿಗೂ ಸರಿಹೋಗಲಿಲ್ಲ, ಕೋಟೆಯ ಬಳಿ ಜನ ಸೇರುವುದು ಬೇಡ ಎಂದು ಅವರನ್ನು ಅಲ್ಲಿಂದ ಬೇರೆ ಕಡೆ ಹೋಗಲು ಹೇಳಿದರು. ಬರಮಾಡಿಕೊಂಡವನೇ ಎಬ್ಬಿಸಿದ.

ಬೀದರ್‌ನ ಮಹಮೂದ್ ಗವಾನ್ ಕತೆ ಇನ್ನೂ ಕಠೋರ. ಪರ್ಷಿಯಾದ ಗಿಲಾನ್‌ನಿಂದ ಬಂದ ವ್ಯಾಪಾರಿ ಬಹಮನಿ ರಾಜ್ಯದ ವಜೀರ ಆದ. 1472ರಲ್ಲಿ ಮದರಸಾ ಕಟ್ಟಿಸಿದ, ದೂರ ದೂರದ ವಿದ್ವಾಂಸರನ್ನು ಕರೆಸಿದ, ಓದುವವರಿಗೂ ಕಲಿಸುವವರಿಗೂ ಅಲ್ಲೇ ವಸತಿ ಮಾಡಿದ. ಬೀದರ್‌ಗೆ ಹೋದವರು ಒಮ್ಮೆ ನಿಧಾನವಾಗಿ ನೋಡಿ. ಒಂದು ಮಿನಾರು ಮಾತ್ರ ಉಳಿದಿದೆ, ಅದರ ಮೈಮೇಲೆ ಅಲ್ಲಲ್ಲಿ ನೀಲಿ ಬಿಳಿ ಹಂಚಿನ ಚೂರುಗಳು ಇನ್ನೂ ಹಿಡಿದುಕೊಂಡಿವೆ. ಒಳಗೆ ಅಂಗಳದ ಸುತ್ತ ಕೋಣೆಗಳು, ಮೂರು ಅಂತಸ್ತು, ಗಾಳಿ ಬೆಳಕು ಚೆನ್ನಾಗಿ ಬರುವ ಹಾಗೆ ಕಟ್ಟಿದ್ದು. ಒಂದು ಕೋಣೆಯಲ್ಲಿ ನಿಂತರೆ ಇಲ್ಲಿ ಒಬ್ಬ ಮನುಷ್ಯ ಕೂತು ಓದಬಹುದು, ಬರೆಯಬಹುದು, ಮಲಗಬಹುದು ಎಂದು ಗೊತ್ತಾಗುತ್ತದೆ. ಐನೂರು ವರ್ಷದ ಹಿಂದೆ ನಮ್ಮ ನೆಲದಲ್ಲಿ ಅದಕ್ಕೆ ಯಾರೋ ಲೆಕ್ಕ ಹಾಕಿದ್ದರು. ಅದನ್ನು ಕಟ್ಟಿಸಿದವನನ್ನು 1481ರಲ್ಲಿ ಒಂದು ಸುಳ್ಳು ಪತ್ರ ನಂಬಿ ಸುಲ್ತಾನ ಕೊಲ್ಲಿಸಿದ. ಪರದೇಶದಿಂದ ಬಂದವನ ಮೇಲೆ ಇಲ್ಲಿನ ಸರದಾರರ ಹೊಟ್ಟೆಕಿಚ್ಚು ಆ ಪತ್ರ ಬರೆಸಿತ್ತು.

ಕಲ್ಯಾಣದ ಶರಣರನ್ನೂ ಮರೆಯುವಂತಿಲ್ಲ. ಕಾಶ್ಮೀರದಿಂದ, ಇನ್ನೂ ಆಚೆಯಿಂದ ಜನ ಹುಡುಕಿಕೊಂಡು ಬಂದರೆಂದು ಹೇಳುವ ಊರು ಅದು. ಹನ್ನೆರಡನೇ ಶತಮಾನದಲ್ಲಿ ರಾಜನ ಕೋಪ ತಿರುಗಿದಾಗ ಅದೇ ಊರಿನ ಶರಣರು ಉಳವಿಯ ಕಾಡಿನವರೆಗೆ ಹೋಗಬೇಕಾಯಿತು.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, 1935ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿದರು. ಹಿಟ್ಲರ್ ಕಾನೂನಿನಿಂದ ಗಾಟಿಂಗನ್‌ನಲ್ಲಿ ಕೆಲಸ ಕಳೆದುಕೊಂಡಿದ್ದ ದೊಡ್ಡ ಭೌತವಿಜ್ಞಾನಿ. ಇಲ್ಲಿ ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಹಟ ಹಿಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಿಕೊಂಡು ಬಂದವರು ನಮಗೆ ಬೇಡ ಎಂಬ ಅರ್ಥದಲ್ಲಿ ಮಾತಾಡಿದರಂತೆ, ಅದೂ ಬಾರ್ನ್ ಅವರ ಎದುರಿನಲ್ಲೇ. ಆ ಅವಮಾನವನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ, 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಸ್ವಲ್ಪದರಲ್ಲಿ ಕರ್ನಾಟಕದವರಾಗುವುದು ತಪ್ಪಿತು. ರಾಮನ್ ಅವರಂಥವರು ಬೆನ್ನಿಗೆ ನಿಂತರೂ ಆಗಲಿಲ್ಲ, ಯಾಕೆಂದರೆ ಇಂಥವರನ್ನು ಇಟ್ಟುಕೊಳ್ಳಲು ಒಂದು ವ್ಯವಸ್ಥೆ ಇರಲಿಲ್ಲ, ಇದ್ದದ್ದು ಒಬ್ಬರ ಆಸೆ ಮಾತ್ರ. ಅದೇ ಕಾಲದಲ್ಲಿ ಮುಂಬೈಗೆ ಓಡಿಬಂದ ಇನ್ನೊಬ್ಬರು ಸಂಗೀತಗಾರ ವಾಲ್ಟರ್ ಕಾಫ್‌ಮನ್. ಅವರಿಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಆಕಾಶವಾಣಿ ಶುರುವಾಗುವಾಗ ಬರುವ ಆ ಪಿಟೀಲಿನ ದನಿ, ನಮ್ಮ ಅಮ್ಮಂದಿರು ಒಲೆ ಹಚ್ಚುವ ಹೊತ್ತಿಗೆ ಕೇಳುತ್ತಿದ್ದ ದನಿ, ಅವರು ಮಾಡಿದ್ದು.

ಬರೆದಿಟ್ಟ ವ್ಯವಸ್ಥೆ ಇದ್ದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಟಿಬೆಟ್‌ನಿಂದ ಬಂದವರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಆಮೇಲೆ ಮುಂಡಗೋಡದಲ್ಲೂ ನೆಲೆ ಸಿಕ್ಕಿತು. ಲಾಸಾ ಸುತ್ತಮುತ್ತ ಇದ್ದ ದೊಡ್ಡ ವಿದ್ಯಾಕೇಂದ್ರಗಳಾದ ಸೆರಾ ಬೈಲಕುಪ್ಪೆಯಲ್ಲೂ ಡ್ರೆಪುಂಗ್, ಗಾಂಡೆನ್ ಮುಂಡಗೋಡದಲ್ಲೂ ಮತ್ತೆ ತಲೆ ಎತ್ತಿದವು. ಎಷ್ಟು ಮುಖ್ಯಮಂತ್ರಿಗಳು ಬಂದರು, ಹೋದರು, ಆದರೆ ಸರ್ಕಾರದ ತೀರ್ಮಾನವಾಗಿ ದಾಖಲೆಯಲ್ಲಿ ಇದ್ದುದರಿಂದ ಆ ಆಸರೆ ಅರವತ್ತು ವರ್ಷ ದಾಟಿ ನಿಂತಿದೆ.

ಹಾಗಾದರೆ ಇಲ್ಲಿ ಏನು ಮಾಡಬಹುದು?

ವಿದೇಶದವರನ್ನು ಕರೆಸಿಕೊಳ್ಳುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ವೀಸಾ ಕೇಂದ್ರ ಸರ್ಕಾರದ ವಿಷಯ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಅಂತರರಾಷ್ಟ್ರೀಯ ಜಾಲಗಳ ಜೊತೆ ಸೇರಿ, ಸಂದರ್ಶಕ ಪ್ರಾಧ್ಯಾಪಕರಾಗಿ ಒಬ್ಬಿಬ್ಬರನ್ನು ಕರೆಸಬಹುದು. ಬರಲಾಗದವರಿಗೆ ಅವರಿದ್ದಲ್ಲಿಂದಲೇ ಆನ್‌ಲೈನ್ ಪಾಠ ಮಾಡಲು ಗೌರವಧನ ಕೊಡಬಹುದು, ಕಾಬೂಲ್ ಬಿದ್ದ ಮೇಲೆ ಮತ್ತು ಉಕ್ರೇನ್ ಯುದ್ಧ ಶುರುವಾದ ಮೇಲೆ ಎಷ್ಟೋ ವಿಶ್ವವಿದ್ಯಾಲಯಗಳು ಹಾಗೆ ಮಾಡಿವೆ. ಅದಾಗಲಿ. ಆದರೆ ಮೊದಲ ಹೆಜ್ಜೆ ನಮ್ಮ ದೇಶದವರೇ ಆದ, ಬೇರೆ ರಾಜ್ಯದ, ಬೇರೆ ಜಿಲ್ಲೆಯ ವರದಿಗಾರರು, ಅಧ್ಯಾಪಕರು, ಹಾಡುಗಾರರು, ನಾಟಕದವರಿಗೆ ಇರಲಿ. ಇದಕ್ಕೆ ಯಾರ ವೀಸಾವೂ ಬೇಕಿಲ್ಲ. ಸೊಲ್ಲಾಪುರ, ಲಾತೂರ್, ಹೈದರಾಬಾದ್ ಎಲ್ಲ ನಮಗೆ ಹತ್ತಿರ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಮಾತಾಡುವ ಊರು ನಮ್ಮದು, ಬಂದವರಿಗೆ ಹಾಲು ತರಕಾರಿ ಕೊಳ್ಳಲು ದುಭಾಷಿ ಬೇಕಾಗುವುದಿಲ್ಲ. ಅದೇ ರೀತಿ ನಮ್ಮ ಯಾದಗಿರಿ ಹುಡುಗನಂಥವರನ್ನು ಆ ಕಡೆಯವರು ಇಟ್ಟುಕೊಳ್ಳುವಂತೆ ಊರು ಊರುಗಳ ನಡುವೆ ಒಪ್ಪಂದ ಆಗಲಿ. ನಮ್ಮ ಹಿರಿಯರು ರಜಾಕಾರರ ಹಾವಳಿಯಲ್ಲಿ ಹಾಗೇ ಅಲ್ವಾ ಬದುಕಿದ್ದು? ನಿಜಾಮನ ಗಡಿ ದಾಟಿ ಸೊಲ್ಲಾಪುರ, ವಿಜಯಪುರ ಕಡೆ ನೆಂಟರ ಮನೆ, ಗುರುತಿನವರ ಮನೆ ಸೇರಿದರು. ಹೈದರಾಬಾದಿನಲ್ಲೇ ಉಳಿದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು, ಭಾರತದ ಜೊತೆ ಸೇರಬೇಕು ಎಂದು ಬರೆದದ್ದಕ್ಕೆ, 1948ರ ಆಗಸ್ಟ್‌ನಲ್ಲಿ ಬೀದಿಯಲ್ಲಿ ಕೊಂದರು. ಈ ಭಾಗ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ ಅವರ ಹೆಸರೂ ಬರಲಿ, ಅವರ ಹೆಸರಿನಲ್ಲೇ ಈ ಫೆಲೋಶಿಪ್ ಬಂದರೆ ಇನ್ನೂ ಸರಿ.

ದುಡ್ಡಿನ ಮಾತು. ಒಬ್ಬರಿಗೆ ತಿಂಗಳಿಗೆ 30 ಸಾವಿರ ರೂಪಾಯಿ, ಆರು ತಿಂಗಳು ಅಂದರೆ 1.80 ಲಕ್ಷ. ಐದು ಜನರಿಗೆ 9 ಲಕ್ಷ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ರಸ್ತೆ, ಶಾಲೆ, ಆಸ್ಪತ್ರೆ ಬೇಕು, ಒಂದು ರೂಪಾಯಿಯನ್ನೂ ಅಲ್ಲಿಂದ ಕಡಿಮೆ ಮಾಡಿ ಎಂದು ಹೇಳುತ್ತಿಲ್ಲ. 9 ಲಕ್ಷಕ್ಕೆ ಆ ಮಂಡಳಿ ಬಡವಾಗುವುದಿಲ್ಲ. ವಸತಿಗೆ ವಿಶ್ವವಿದ್ಯಾಲಯಗಳ ಅತಿಥಿಗೃಹಗಳಲ್ಲಿ ಒಂದೆರಡು ಕೋಣೆ ಮೀಸಲಿಡಲಿ.

ನಿಯಮಗಳಲ್ಲಿ ಕೆಲವನ್ನು ಮೊದಲೇ ಗಟ್ಟಿ ಮಾಡಬೇಕು. ಪದವಿ ಕೇಳಬಾರದು. ಅರ್ಜಿ ಕನ್ನಡ, ಉರ್ದು, ಮರಾಠಿ, ತೆಲುಗು, ಹಿಂದಿ ಯಾವುದರಲ್ಲಿದ್ದರೂ ತೆಗೆದುಕೊಳ್ಳಬೇಕು, ಬರೆಯಲು ಆಗದಿದ್ದರೆ ಫೋನಿನಲ್ಲಿ ಹೇಳಿದ್ದನ್ನು ನಾವೇ ಬರೆದುಕೊಳ್ಳಬೇಕು. ಹತ್ತು ದಿನದೊಳಗೆ ತೀರ್ಮಾನ ಆಗಬೇಕು, ತಿಂಗಳುಗಟ್ಟಲೆ ಕಾಯುವಷ್ಟು ಹೊತ್ತು ಅವರ ಹತ್ತಿರ ಇರುವುದಿಲ್ಲ. ಆಯ್ಕೆ ಸಮಿತಿಯಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ಹಿರಿಯ ಪತ್ರಕರ್ತರು, ಇಬ್ಬರು ಅಧ್ಯಾಪಕರು ಇರಲಿ, ಅರ್ಧದಷ್ಟಾದರೂ ಹೆಂಗಸರಿರಲಿ. ಆನ್‌ಲೈನ್‌ನಲ್ಲಿ ಹೆಣ್ಣುಮಕ್ಕಳಿಗೆ ಬರುವ ಬೆದರಿಕೆಗಳು ಎಂಥವು ಎಂದು ಗಂಡಸರ ಮುಂದೆ ಓದಿ ಹೇಳುವುದು ಎಷ್ಟು ಕಷ್ಟ ಗೊತ್ತಾ? ಕುಟುಂಬ ಜೊತೆಗೆ ಬರಬಹುದು, ಮಕ್ಕಳಿಗೆ ವರ್ಷದ ನಡುವೆಯೂ ಶಾಲೆಯಲ್ಲಿ ಸೀಟು ಕೊಡಬೇಕು. ಜಿಲ್ಲಾ ಪೊಲೀಸರಿಗೆ ವಿಷಯ ತಿಳಿದಿರಲಿ, ಆದರೆ ಅರ್ಜಿಯ ವಿವರ ಸಮಿತಿಯ ಹೊರಗೆ ಹೋಗಬಾರದು.

ಇನ್ನೊಂದು ಮಾತು. ನಮ್ಮಲ್ಲಿ ಯಾರಾದರೂ ಬಂದರೆ ಶಾಲು ಹೊದಿಸಿ, ಹಾರ ಹಾಕಿ, ಫಲ ತಾಂಬೂಲ ಕೊಟ್ಟು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಮರುದಿನ ಪೇಪರಿಗೆ ಕೊಡುವುದು ರೂಢಿ. ಪ್ರೀತಿಯಿಂದಲೇ ಮಾಡುತ್ತೇವೆ. ಇಲ್ಲಿ ಮಾತ್ರ ಅದು ಖಂಡಿತ ಬೇಡ. ಬಂದವರು ಯಾವ ಊರಲ್ಲಿದ್ದಾರೆ ಎಂದು ಒಂದು ಫೋಟೋ ಸಾಕು, ಅವರನ್ನು ಹುಡುಕುವವರಿಗೆ ತಿಳಿದುಹೋಗುತ್ತದೆ. ವಾಟ್ಸಾಪ್ ಗುಂಪುಗಳಿಗೂ ಇದೇ ಮಾತು.

ಇದು ರಾಜಕೀಯ ಆಗುತ್ತದೆ, ಒಂದು ಕಡೆಯವರಿಗೇ ಸಿಗುತ್ತದೆ ಎನ್ನುವವರು ಇರುತ್ತಾರೆ. ಅವರ ಅನುಮಾನ ತಪ್ಪಲ್ಲ, ಅದಕ್ಕೆಂದೇ ನಿಯಮ ಬರೆದಿಡಿ ಎಂದು ಕೇಳುತ್ತಿರುವುದು. ಬೆದರಿಸಿದವರು ಮರಳಿನವರೋ, ಮಾವೋವಾದಿಗಳೋ, ಧರ್ಮದ ಹೆಸರು ಹೇಳುವವರೋ, ಅಧಿಕಾರದಲ್ಲಿ ಇರುವವರೋ, ಬರೆದವನು ಎಡವೋ ಬಲವೋ, ಸಮಿತಿ ನೋಡಬೇಕಾದದ್ದು ಈ ಮನುಷ್ಯ ಬರೆದದ್ದಕ್ಕೆ, ಕಲಿಸಿದ್ದಕ್ಕೆ, ಹಾಡಿದ್ದಕ್ಕೆ ಅಪಾಯದಲ್ಲಿ ಇದ್ದಾನೆಯೇ ಎಂಬುದಷ್ಟನ್ನೇ. ಹಿಂಸೆಗೆ ಕರೆ ಕೊಟ್ಟವರಿಗೆ ಇಲ್ಲ. ನಮ್ಮ ಹುಡುಗರಿಗೇ ಕೆಲಸ ಇಲ್ಲ, ಹೊರಗಿನವರಿಗೆ ಯಾಕೆ ಎನ್ನುವವರಿಗೂ ಒಂದು ಉತ್ತರ ಇದೆ. ಬಂದವರು ಸುಮ್ನೆ ಕೂರುವುದಿಲ್ಲ. ವಾರಕ್ಕೆ ಒಂದು ದಿನ ಕಾಲೇಜಿನಲ್ಲಿ ಪಾಠ ಮಾಡಲಿ, ಪತ್ರಿಕೋದ್ಯಮದ ಮಕ್ಕಳಿಗೆ ದಾಖಲೆ ಓದುವುದು ಹೇಗೆ, ಆರ್‌ಟಿಐ ಅರ್ಜಿ ಬರೆಯುವುದು ಹೇಗೆ ಎಂದು ಹೇಳಿಕೊಡಲಿ. ಹೊಲದ ಬದುವಿನಲ್ಲಿ ನಿಂತು ವರದಿ ಮಾಡಿದವರಿಂದ ನಮ್ಮ ಮಕ್ಕಳು ಕಲಿಯುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಈ ಪಾಠವೆಲ್ಲ ಬಂದವರ ಜೀವಕ್ಕೆ ಅದರಿಂದ ಅಪಾಯ ಇಲ್ಲ ಎಂದಾದರೆ ಮಾತ್ರ, ಅವರು ಒಪ್ಪಿದರೆ ಮಾತ್ರ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಒಂದು, ನಿಮ್ಮ ಅರೆಕಾಲಿಕ ವರದಿಗಾರರಿಗೆ ಬೆದರಿಕೆ ಬಂದಾಗ ಯಾರಿಗೆ ಫೋನ್ ಮಾಡಬೇಕು, ಪತ್ರಿಕೆ ಏನು ಕೊಡುತ್ತದೆ ಎಂದು ಅವರ ಕೈಯಲ್ಲಿ ಒಂದು ಕಾಗದ ಇರಲಿ. ಊರು ಬಿಟ್ಟ ತಿಂಗಳುಗಳಲ್ಲೂ ಅವರಿಗೆ ದುಡ್ಡು ಹೋಗಲಿ. ಎರಡು, ಈ ವಿಷಯಕ್ಕೆ ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು, ಪತ್ರಕರ್ತರ ಸಂಘದವರನ್ನು, ಮಂಡಳಿಯವರನ್ನು ಕೂಡಿಸಿ ನೀವೇ ಒಂದು ಸಭೆ ಕರೆಯಿರಿ, ಬರುವ ಸೆಪ್ಟೆಂಬರ್ 17ಕ್ಕೆ ಮುಂಚೆ. ನಿಯಮದ ಕರಡನ್ನು ನಾನು ಬರೆದು ತರುತ್ತೇನೆ, ಬೇರೆ ದೇಶದ ಯೋಜನೆಗಳ ನಿಯಮಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಿಧಿಗೆ ಪ್ರತಿ ವರ್ಷ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ. ಅರ್ಜಿ ಓದುವುದು, ಕಾಗದ ತಾಳೆ ನೋಡುವುದು, ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದು ನನಗೆ ಗೊತ್ತಿರುವ ಕೆಲಸ, ಅದನ್ನು ಸಂಬಳ ಇಲ್ಲದೆ ಮಾಡುತ್ತೇನೆ.

ಇಂತಿ ನಿಮ್ಮ ಓದುಗಾರ್ತಿ,
ನಿವೃತ್ತ ಗ್ರಂಥಪಾಲಕಿ,
ಸೇಡಂ ರಸ್ತೆ, ಕಲಬುರಗಿ